ಅದೇ ತರಗತಿಯಲ್ಲಿ ಇನ್ನೊಂದು ವರ್ಷ?



ಉರುಕುಂದ, ಕೌತಾಳಂ, ಕೋಸಿಗಿ ಕಡೆಯ ಮನೆಗಳಲ್ಲಿ ಬೇಸಿಗೆ ಬಂತೆಂದರೆ ಒಂದು ಮಾತು ಏಳುತ್ತದೆ: “ಹುಡುಗನಿಗೆ ಓದು ಹತ್ತಲಿಲ್ಲ, ಇನ್ನೊಂದು ವರ್ಷ ಅದೇ ಕ್ಲಾಸಿನಲ್ಲಿ ಕೂಡಿಸೋಣವೇ?” ನಿರ್ಧರಿಸುವ ಮೊದಲು ಈ ಪದ್ಧತಿಯ ಚರಿತ್ರೆಯನ್ನು ತಾವು ಒಮ್ಮೆ ನೋಡಬೇಕೆಂದು ನನ್ನ ವಿನಂತಿ.

ಇದರ ಹಾನಿ ಬ್ರಿಟಿಷರ ಕಾಲದಲ್ಲಿಯೇ ಗೊತ್ತಾಗಿತ್ತು. 1922–23ರಲ್ಲಿ ಒಂದನೆಯ ತರಗತಿಯಲ್ಲಿದ್ದ 100 ಮಕ್ಕಳ ಪೈಕಿ 1925–26ರಲ್ಲಿ ನಾಲ್ಕನೆಯ ತರಗತಿಯಲ್ಲಿ ಓದುತ್ತಿದ್ದವರು 18 ಮಂದಿ ಮಾತ್ರ ಎಂದು 1929ರ ಹಾರ್ಟಾಗ್ ಸಮಿತಿ ಲೆಕ್ಕ ಕೊಟ್ಟಿತು. ಉಳಿದವರಲ್ಲಿ ಕೆಲವರು ಶಾಲೆ ಬಿಟ್ಟಿದ್ದರು; ಕೆಲವರು ಕೆಳಗಿನ ತರಗತಿಯಲ್ಲಿಯೇ ಕುಳಿತಿದ್ದರು. ಮೊದಲನೆಯದನ್ನು ಸಮಿತಿ ಅಪವ್ಯಯವೆಂದೂ ಎರಡನೆಯದನ್ನು ಸ್ಥಗಿತತೆಯೆಂದೂ ಕರೆಯಿತು. ನನ್ನ ಅನುಭವದಲ್ಲಿ ಇವೆರಡೂ ಒಂದೇ ದಾರಿಯ ಎರಡು ಹೆಜ್ಜೆ. ತಮ್ಮನ ಓರಗೆಯವರೊಡನೆ ಕುಳಿತ ಅಣ್ಣನಿಗೆ ಶಾಲೆಗಿಂತ ಹತ್ತಿಯ ಹೊಲವೇ ಮೇಲೆನ್ನಿಸಲು ಬಹಳ ದಿನ ಬೇಕಿಲ್ಲ. ಮುಂದೆ 1966ರಲ್ಲಿ ಕೊಠಾರಿ ಆಯೋಗವು ಮೊದಲ ಎರಡು ತರಗತಿಗಳನ್ನಾದರೂ ಒಂದೇ ಘಟಕವೆಂದು ಭಾವಿಸಬೇಕೆಂದಿತು.

ನಮ್ಮ ಸೀಮೆಗೆ ಇನ್ನೊಂದು ತೊಡಕು ಸೇರಿದ್ದು 1953ರ ಅಕ್ಟೋಬರ್ 1ರಂದು. ಆ ದಿನ ಬಳ್ಳಾರಿ ಜಿಲ್ಲೆ ಒಡೆದು ಬಹುಪಾಲು ತಾಲ್ಲೂಕುಗಳು ಮೈಸೂರಿಗೆ ಸೇರಿದವು. ಆದೋನಿ, ಆಲೂರು, ರಾಯದುರ್ಗಗಳು ಆಂಧ್ರದಲ್ಲಿ ಉಳಿದವು. ಮನೆಮಾತು ಕನ್ನಡ, ಕಚೇರಿಯ ಮಾತು ತೆಲುಗು. 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ 350ಎ ವಿಧಿ ಬಂದು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಸೌಕರ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಹೇಳಿತು. ಆದರೂ ಮಗು ಮೂರು ಲಿಪಿಗಳನ್ನು ಹೊರಲೇಬೇಕು. ಕನ್ನಡ, ತೆಲುಗು ಲಿಪಿಗಳು ಅಕ್ಕತಂಗಿಯರಂತಿರುವುದು ಅನುಕೂಲವೂ ಹೌದು, ಗೊಂದಲವೂ ಹೌದು. ತಲೆಕಟ್ಟಿನಲ್ಲಿ ತಡವರಿಸುವ ಮಗುವನ್ನು ದಡ್ಡನೆನ್ನಬಾರದು.

ಆದ್ದರಿಂದ ತಾವು ಮೊದಲು ನೋಡಬೇಕಾದದ್ದು ಅಂಕಪಟ್ಟಿಯನ್ನಲ್ಲ. ಮಗುವನ್ನು ಹತ್ತಿರ ಕೂಡಿಸಿಕೊಂಡು, ಎರಡು ತರಗತಿ ಕೆಳಗಿನ ಕನ್ನಡ ಪುಸ್ತಕವನ್ನು ಓದಿಸಿರಿ, ಅದರ ಅರ್ಥವನ್ನು ಮನೆಮಾತಿನಲ್ಲಿ ಹೇಳಿಸಿರಿ, ಬಾಯಿಲೆಕ್ಕ ಕೇಳಿರಿ. ಇವು ಸರಿಯಿದ್ದರೆ ಹಿಂದುಳಿದಿರುವುದು ತೆಲುಗು ಅಥವಾ ಇಂಗ್ಲಿಷು ಮಾತ್ರ. ಅದಕ್ಕಾಗಿ ಎಲ್ಲ ವಿಷಯಗಳನ್ನೂ ಮರಳಿ ಓದಿಸುವುದು ಅನ್ಯಾಯ. ಕನ್ನಡವನ್ನೇ ಓದಲಾರದಿದ್ದರೆ ಕಣ್ಣು, ಕಿವಿಗಳನ್ನು ಪರೀಕ್ಷೆ ಮಾಡಿಸಿರಿ. ಆಮೇಲೆ ಅಕ್ಷರದಿಂದ ಆರಂಭಿಸುವ ಬೋಧನೆ ಬೇಕು. ಅದೇ ಪಾಠವನ್ನು ಅದೇ ರೀತಿಯಲ್ಲಿ ಮತ್ತೊಮ್ಮೆ ಕೇಳಿಸಿದರೆ ಫಲವಿಲ್ಲ.

ಕಾನೂನೂ ತಿಳಿದಿರಲಿ. 2010ರ ಏಪ್ರಿಲ್ 1ರಂದು ಜಾರಿಯಾದ ಶಿಕ್ಷಣ ಹಕ್ಕು ಕಾಯಿದೆ ಎಂಟನೆಯ ತರಗತಿಯವರೆಗೆ ಯಾರನ್ನೂ ಉಳಿಸಬಾರದೆಂದಿತು. 2019ರ ತಿದ್ದುಪಡಿಯು 5 ಮತ್ತು 8ನೆಯ ತರಗತಿಗಳಲ್ಲಿ ಮಾತ್ರ, ಅದೂ ಸರ್ಕಾರ ಅನುಮತಿಸಿದರೆ, ಉಳಿಸಿಕೊಳ್ಳಲು ಅವಕಾಶ ನೀಡಿದೆ. ಅದಕ್ಕೂ ಮೊದಲು ಹೆಚ್ಚುವರಿ ಬೋಧನೆ ನೀಡಿ, ಫಲಿತಾಂಶದಿಂದ ಎರಡು ತಿಂಗಳೊಳಗೆ ಮರುಪರೀಕ್ಷೆ ನಡೆಸಲೇಬೇಕು. ಶಾಲೆಯಿಂದ ಹೊರಹಾಕುವಂತಿಲ್ಲ. ಈ ಎರಡು ತಿಂಗಳಲ್ಲಿ ಪಾಠ ಹೇಳುವವರು ಯಾರು, ಯಾವ ಭಾಷೆಯಲ್ಲಿ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿರಿ. ಕೇಳುವುದು ಜಗಳವಲ್ಲ.

ಒಂದು ಸಂದರ್ಭದಲ್ಲಿ ಮಾತ್ರ ನಾನು ಉಳಿಸುವ ಮಾತಿಗೆ ಕಿವಿಗೊಡುತ್ತೇನೆ: ದೀರ್ಘ ಕಾಯಿಲೆಯಿಂದಲೋ ಗುಳೆಯಿಂದಲೋ ವರ್ಷದ ಹೆಚ್ಚು ಭಾಗ ಮಗು ಶಾಲೆಯಲ್ಲೇ ಇರಲಿಲ್ಲವಾದರೆ, ಮಗುವೂ ಒಪ್ಪಿದರೆ, ನಿಯಮವೂ ಅನುಮತಿಸಿದರೆ. ಶ್ರಾವಣದಲ್ಲಿ ಈರಣ್ಣಸ್ವಾಮಿಯ ಜಾತ್ರೆಗೆ ತಪ್ಪಿದ ನಾಲ್ಕು ದಿನ ಯಾರನ್ನೂ ಕೆಡಿಸಿಲ್ಲ. ಗುಂಟೂರಿನ ಮೆಣಸಿನಕಾಯಿ ಬಿಡಿಸಲು ಹೋದ ನಾಲ್ಕು ತಿಂಗಳು ಕೆಡಿಸುತ್ತದೆ. ಈ ಸಲವೂ ಗುಳೆ ಹೋಗುವುದಿದ್ದರೆ, ಮಗುವನ್ನು ಅಜ್ಜಿಯ ಬಳಿಯೋ ವಲಸೆ ಮಕ್ಕಳ ಸೀಸನಲ್ ಹಾಸ್ಟೆಲಿನಲ್ಲೋ ಬಿಡುವ ಏರ್ಪಾಡನ್ನು ದಸರೆಗೆ ಮುಂಚೆಯೇ ಶಾಲೆಯಲ್ಲಿ ಮಾತಾಡಿಕೊಳ್ಳಿರಿ.