ದೇವಿ ಹಾಕಿದ ತೋಳು, ಇಸಬು ಹತ್ತಿದ ಚರ್ಮ

ಬೆಳಗಾವಿಯ ಕಣಬರ್ಗಿಯ ಮಗ್ಗುಲಲ್ಲಿ ನಗರಾಭಿವೃದ್ಧಿ ಪ್ರಾಧಿಕಾರದವರು ನಿವೇಶನಗಳನ್ನು ಹಂಚಿ ನೆಲೆಗೊಳಿಸಿದ ರಾಮತೀರ್ಥ ನಗರವು ವಯಸ್ಸಿನಲ್ಲಿ ಎಳೆಯ ಬಡಾವಣೆಯೇ ಆಗಿದ್ದರೂ, ಅಲ್ಲಿನ ಮನೆಗಳ ಹಿರಿಯರ ತೋಳುಗಳ ಮೇಲೆ ಅದಕ್ಕಿಂತ ಬಹು ಹಳೆಯದಾದ ಚರಿತ್ರೆಯೊಂದು ಅಚ್ಚೊತ್ತಿ ನಿಂತಿದೆ. ಐವತ್ತು ದಾಟಿದವರು ಅಂಗಿಯ ತೋಳನ್ನು ಮೇಲಕ್ಕೆ ಸರಿಸಿದರೆ, ನಡುವೆ ತಗ್ಗಾಗಿ ಅಂಚು ನಿರಿಗೆಗಟ್ಟಿದ, ನಾಣ್ಯದಗಲದ ಒಂದೆರಡು ಕಲೆಗಳು ಕಾಣುತ್ತವೆ. ಅವು ದೇವಿ, ಅಂದರೆ ಸಿಡುಬಿನ ಲಸಿಕೆ, ಹಾಕಿಸಿಕೊಂಡ ಗುರುತುಗಳು. ಅದೇ ಮನೆಯ ಮೊಮ್ಮಗುವಿನ ಮೊಣಕೈ ಮಡಿಕೆಯಲ್ಲಿ, ಮಂಡಿಯ ಹಿಂಬದಿಯಲ್ಲಿ, ಚರ್ಮವು ಕೆಂಪಾಗಿ ಒರಟಾಗಿ, ಇರುಳೆಲ್ಲ ತುರಿಸಿ, ಬೆಳಗಾಗುವಷ್ಟರಲ್ಲಿ ರಸ ಒಸರಿ ಹಕ್ಕುಗಟ್ಟಿದ್ದರೆ, ಅದನ್ನು ನಮ್ಮ ಕಡೆಯವರು ಇಸಬು ಎನ್ನುತ್ತಾರೆ. ಅಜ್ಜನ ಕಲೆಗೂ ಮೊಮ್ಮಗುವಿನ ಇಸಬಿಗೂ ನಡುವೆ ಒಂದು ಸಂಬಂಧವಿದೆಯೆಂದೂ, ಇಸಬು ಕೇವಲ ಚರ್ಮದ ವ್ಯಾಧಿಯಲ್ಲ, ದೇಹದ ರಕ್ಷಣಾವ್ಯವಸ್ಥೆಯ ವ್ಯಾಧಿಯೆಂಬ ಅರಿವು ಮೊಟ್ಟಮೊದಲು ಹೊಳೆದದ್ದು ದೇವಿ ಹಾಕುವವರ ಚೂರಿಯ ತುದಿಯಲ್ಲಿಯೆಂದೂ ನಾನು ಹೇಳಬೇಕೆಂದಿದ್ದೇನೆ.

ವ್ಯಾಧಿಯಾದರೋ ಪುರಾತನವಾದುದು. ಚರಕಸಂಹಿತೆಯು ಹದಿನೆಂಟು ಬಗೆಯ ಕುಷ್ಠಗಳನ್ನು ಹೇಳಿ, ಏಳನ್ನು ಮಹಾಕುಷ್ಠಗಳೆಂದೂ ಹನ್ನೊಂದನ್ನು ಕ್ಷುದ್ರಕುಷ್ಠಗಳೆಂದೂ ವಿಭಾಗಿಸಿ, ಕಂಡು, ಪಿಡಕ, ಸ್ರಾವಗಳುಳ್ಳ ವಿಚರ್ಚಿಕೆಯನ್ನು ಎರಡನೆಯ ವರ್ಗದಲ್ಲಿ ಸೇರಿಸಿತು. 1933ರಲ್ಲಿ ಶಹಾಪುರದಲ್ಲಿ ಆರಂಭಗೊಂಡ ಆಯುರ್ವೇದ ಮಹಾವಿದ್ಯಾಲಯದ ವಿದ್ಯಾರ್ಥಿಗಳು ಇಂದಿಗೂ ಇಸಬನ್ನು ಆ ಹೆಸರಿನಡಿಯಲ್ಲಿಯೇ ಅಭ್ಯಸಿಸುತ್ತಾರೆ. ಹೊರಗಣ ಚರ್ಮದ ವಿಕಾರಕ್ಕೆ ಒಳಗಣ ದೋಷವೇ ಮೂಲವೆಂಬ ನಂಬಿಕೆ ಆ ವೈದ್ಯದಲ್ಲಿ ದೃಢವಾಗಿತ್ತು. ಆದರೆ ಆ ಒಳಗಿನ ವ್ಯವಸ್ಥೆ ಯಾವುದು, ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತೋರಿಸಿಕೊಡಲು ಬೇರೊಂದು ಮಹಾವ್ಯಾಧಿಯೇ ಬರಬೇಕಾಯಿತು.

ಆ ವ್ಯಾಧಿ ಸಿಡುಬು. ಅದನ್ನು ತಡೆಯಲು ವೈದ್ಯ ಜೆನ್ನರನು ಬಳಸಿದ ಗೋಸಿಡುಬಿನ ರಸವು ಬಾಗ್ದಾದು ಬಸ್ರಾಗಳ ಮಾರ್ಗವಾಗಿ ಮುಂಬಯಿಗೆ ಬಂದು, 1802ರ ಜೂನ್ 14ರಂದು ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಬಾಲೆಯ ತೋಳಿನಲ್ಲಿ ಫಲಿಸಿತು. ಮೂರು ವರ್ಷಗಳಲ್ಲಿಯೇ ಅದು ಮೈಸೂರು ಅರಮನೆಯನ್ನು ಮುಟ್ಟಿತ್ತು. ಥಾಮಸ್ ಹಿಕಿಯು 1805ರ ಸುಮಾರಿಗೆ ಬರೆದ ಚಿತ್ರವೊಂದರಲ್ಲಿ, ಕಲಾಚರಿತ್ರಕಾರರು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯೆಂದು ಗುರುತಿಸಿರುವ ತರುಣಿಯು, ಸೆರಗನ್ನು ಓರೆ ಮಾಡಿ ದೇವಿ ಹಾಕಿಸಿಕೊಂಡ ತಾಣವನ್ನು ತೋರುತ್ತಾಳೆ. ಪ್ರಜೆಗಳ ಭಯವನ್ನು ನೀಗಲು ರಾಜಗೃಹದ ಹೆಣ್ಣುಮಗಳೇ ತನ್ನ ತೋಳನ್ನು ಚಿತ್ರಕಾರನ ಮುಂದೆ ತೆರೆದಿಟ್ಟಳೆಂಬುದು ನಮ್ಮ ನಾಡಿನ ಆರೋಗ್ಯಚರಿತ್ರೆಯಲ್ಲಿ ಹೆಮ್ಮೆಪಡತಕ್ಕ ಸಂಗತಿ.

ಮೊದಮೊದಲು ತೋಳಿನಿಂದ ತೋಳಿಗೆ ರಸವನ್ನು ದಾಟಿಸುತ್ತಿದ್ದರು. ಎಂಟು ದಿನಗಳ ಹಿಂದೆ ದೇವಿ ಹಾಕಿಸಿಕೊಂಡ ಮಗುವಿನ ಬೊಕ್ಕೆಯೇ ಮುಂದಿನ ಮಗುವಿಗೆ ಬೀಜ. ಇದರಿಂದ ಅನ್ಯರೋಗಗಳು ಹರಡುವ ಭೀತಿಯೂ, ಜಾತಿಯ ಕಾರಣವಾಗಿ ಜನರ ವಿರೋಧವೂ ಹುಟ್ಟಿದ್ದರಿಂದ, ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕರುಗಳ ಮೈಯಲ್ಲಿ ರಸವನ್ನು ಬೆಳೆಯುವ ಪದ್ಧತಿ ಬಂತು. ಉಷ್ಣದಲ್ಲಿ ರಸವು ಬೇಗನೆ ನಿರ್ವೀರ್ಯವಾಗುತ್ತಿತ್ತಾದ್ದರಿಂದ ತಂಪು ಹವೆಯ ಊರುಗಳೇ ಅದಕ್ಕೆ ತಕ್ಕವು. ಸಮುದ್ರಮಟ್ಟಕ್ಕಿಂತ ಸುಮಾರು 2,500 ಅಡಿ ಎತ್ತರದಲ್ಲಿದ್ದು, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬೆಳಗಾವಿ ಅಂಥದೊಂದು ಊರು. ತಿಲಕವಾಡಿಯಲ್ಲಿ, ದೊಡ್ಡ ದೊಡ್ಡ ಮರಗಳ ನೆರಳಿನಲ್ಲಿ, ಇಂದು ಜನರು ಬೆಳಗಿನ ವಾಯುಸೇವನೆಗೆ ಹೋಗುವ ಬಯಲನ್ನು ಊರೆಲ್ಲ ವ್ಯಾಕ್ಸಿನ್ ಡಿಪೋ ಎಂದೇ ಕರೆಯುತ್ತದೆ. ಸಿಡುಬಿನ ನಿರ್ಮೂಲನಕ್ಕಾಗಿ ಶೀತದಲ್ಲಿ ಒಣಗಿಸಿದ ಲಸಿಕೆಯನ್ನು ಭಾರತದಲ್ಲಿ ತಯಾರಿಸಿದ ನಾಲ್ಕು ಸಂಸ್ಥೆಗಳಲ್ಲಿ ಪಟ್ವಾಡಾಂಗರ್, ಗಿಂಡಿ, ಹೈದರಾಬಾದುಗಳ ಜೊತೆಗೆ ಬೆಳಗಾವಿಯದೂ ಒಂದು ಎಂಬುದನ್ನು ಆ ಬಯಲಿನಲ್ಲಿ ನಡೆಯುವವರೆಲ್ಲರೂ ಅರಿತಿರಬೇಕೆಂದು ನನ್ನ ಆಸೆ.

ಇಂಥ ಡಿಪೋಗಳಲ್ಲಿ ನಡೆಯುತ್ತಿದ್ದ ಕೆಲಸವನ್ನು ಹತ್ತಿರದಿಂದ ನೋಡಬೇಕು. ಆರೋಗ್ಯವಂತವಾದ ಕರುವೊಂದನ್ನು ಮೇಜಿಗೆ ಕಟ್ಟಿ, ಹೊಟ್ಟೆಯ ಭಾಗದ ಕೂದಲನ್ನು ಬೋಳಿಸಿ, ಸಾಬೂನು ನೀರಿನಿಂದ ಚೊಕ್ಕಟವಾಗಿ ತೊಳೆದು, ರಕ್ತ ಚಿಮ್ಮದಷ್ಟು ಹಗುರವಾಗಿ ಚರ್ಮವನ್ನು ಸಾಲುಸಾಲಾಗಿ ಗೀರಿ, ಆ ಗೀರುಗಳ ಮೇಲೆ ಬೀಜರಸವನ್ನು ತಿಕ್ಕುತ್ತಿದ್ದರು. ಐದಾರು ದಿನಗಳಲ್ಲಿ ಗೀರುಗಳುದ್ದಕ್ಕೂ ಬೊಕ್ಕೆಗಳೇಳುತ್ತಿದ್ದವು. ಅವನ್ನು ಚಮಚದಿಂದ ಕೆರೆದು, ಗ್ಲಿಸರಿನ್ನಿನಲ್ಲಿ ನುಣ್ಣಗೆ ಅರೆದು, ಗಾಜಿನ ಸಣ್ಣ ಕೊಳವೆಗಳಲ್ಲಿ ತುಂಬುತ್ತಿದ್ದರು. ಗೀರಿದ ಕಡೆಯಲ್ಲೆಲ್ಲ ವಿಷಾಣು ಬೇರೂರುತ್ತದೆ. ಗೀರದೆ ಬಿಟ್ಟ ಕಡೆ ಚರ್ಮವು ಅದನ್ನು ತಡೆಯುತ್ತದೆ. ಹಾಗಾದರೆ, ಯಾವ ಚೂರಿಯೂ ತಾಗದೆ ತನ್ನಷ್ಟಕ್ಕೆ ತಾನೇ ಮೈಯೆಲ್ಲ ಗೀರಿಹೋದಂತಿರುವ ಮಗುವಿನ ಗತಿಯೇನು?

ಅದರ ಉತ್ತರವು ಭಯಂಕರವಾಗಿತ್ತು. ಇಸಬು ಇದ್ದ ಮಗುವಿಗೆ ದೇವಿ ಹಾಕಿದರೆ, ತೋಳಿನಲ್ಲೊಂದು ಬೊಕ್ಕೆಯೆದ್ದು ಮಾಯುವುದಕ್ಕೆ ಬದಲಾಗಿ, ಇಸಬು ಹರಡಿದಲ್ಲೆಲ್ಲ ಬೊಕ್ಕೆಗಳು ತುಂಬಿ, ಜ್ವರವೇರಿ, ಕೆಲವೊಮ್ಮೆ ಪ್ರಾಣವೇ ಹೋಗುತ್ತಿತ್ತು. ವಿಯೆನ್ನಾದ ಚರ್ಮವೈದ್ಯ ಕಪೋಸಿಯು 1887ರಲ್ಲಿ ಇಸಬಿನ ಮೇಲೆ ಹೀಗೆ ಸಿಡುಬಿನಂತೆ ಏಳುವ ಬೊಕ್ಕೆಗಳನ್ನು ವರ್ಣಿಸಿದನು. ಮಗು ದೇವಿ ಹಾಕಲು ತಕ್ಕ ಸ್ಥಿತಿಯಲ್ಲಿಲ್ಲವೆಂದು ಕಂಡರೆ ಹಾಗೆಂದು ಪತ್ರ ಬರೆದುಕೊಟ್ಟು ಮುಂದಕ್ಕೆ ಹಾಕುವ ಅವಕಾಶವನ್ನು 1880ರ ಭಾರತೀಯ ಕಾಯಿದೆಯೇ ಕಲ್ಪಿಸಿತ್ತು. ಇಸಬಿನ ಮಗುವು ತಾನು ಹಾಕಿಸಿಕೊಳ್ಳದಿದ್ದರೂ ಅಪಾಯ ತಪ್ಪದು: 2007ರಲ್ಲಿ ಅಮೆರಿಕದಲ್ಲಿ, ಸೈನ್ಯದ ಸೇವೆಗಾಗಿ ಲಸಿಕೆ ಪಡೆದ ತಂದೆಯ ಸಂಪರ್ಕದಿಂದಲೇ ಅವನ ಎಳೆಯ ಮಗನಿಗೆ ಈ ವಿಪತ್ತು ತಗುಲಿ, ವಾರಗಟ್ಟಲೆ ಚಿಕಿತ್ಸೆ ನಡೆದ ಮೇಲೆ ಮಗು ಬದುಕಿಕೊಂಡಿತು. ಆದರೂ ಸಿಡುಬು ಮನೆಮನೆಯನ್ನು ಸುಡುತ್ತಿದ್ದ ನಾಡುಗಳಲ್ಲಿ ಇಸಬನ್ನು ನೆವವಾಗಿಟ್ಟು ದೇವಿ ಹಾಕುವುದನ್ನು ನಿಲ್ಲಿಸಲಿಲ್ಲ. ದೊಡ್ಡ ಮೃತ್ಯುಭಯದ ಮುಂದೆ ವಿರಳವಾದ ಅಪಾಯವನ್ನು ಒಪ್ಪಿಕೊಂಡದ್ದು ಸರಿಯಾದ ನಿರ್ಣಯವೆಂದೇ ನನ್ನ ಮತ.

ದೇವಿ ಹಾಕಿದ ತೋಳನ್ನು ತಾಳ್ಮೆಯಿಂದ ನೋಡುತ್ತ ಕುಳಿತ ಇನ್ನೊಬ್ಬ ವೈದ್ಯನಿದ್ದನು. ವಿಯೆನ್ನಾದ ಶಿಶುವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ, ಮೊದಲ ಸಲ ದೇವಿ ಹಾಕಿದಾಗ ಹಲವು ದಿನಗಳ ಮೇಲೆ ಏಳುವ ಕೆಂಪು, ಎರಡನೆಯ ಸಲ ಹಾಕಿದಾಗ ಒಂದೇ ದಿನದಲ್ಲಿ ಕಾಣಿಸಿಕೊಳ್ಳುವುದನ್ನು ಗಮನಿಸಿ, ರೋಗದ ಚಿಹ್ನೆಯೆಂಬುದು ವಿಷಾಣುವಿನ ಕೃತ್ಯವಷ್ಟೇ ಅಲ್ಲ, ಅದಕ್ಕೆ ದೇಹ ಕೊಡುವ ಪ್ರತ್ಯುತ್ತರವೂ ಹೌದೆಂದು ಕಂಡುಕೊಂಡನು. ಹೀಗೆ ಬದಲಾದ ಪ್ರತಿಕ್ರಿಯೆಗೆ 1906ರಲ್ಲಿ ಅವನಿಟ್ಟ ಹೆಸರೇ ಅಲರ್ಜಿ. ಮರುವರ್ಷ ದೇವಿ ಹಾಕುವಿಕೆಯ ಕುರಿತೇ ಒಂದು ಗ್ರಂಥವನ್ನು ಬರೆದನು. 1923ರಲ್ಲಿ ಕೋಕಾ ಮತ್ತು ಕುಕ್ ಎಂಬವರು ವಂಶಪಾರಂಪರ್ಯವಾಗಿ ಬರುವ ಇಂಥ ಪ್ರಕೃತಿಗೆ ಏಟೊಪಿ ಎಂದರು. 1933ರಲ್ಲಿ ವೈಸ್ ಮತ್ತು ಸುಲ್ಜ್‌ಬರ್ಗರ್ ಮಕ್ಕಳ ಇಸಬನ್ನು ಅದರೊಳಗೆ ಸೇರಿಸಿ ಏಟೊಪಿಕ್ ಡರ್ಮಟೈಟಿಸ್ ಎಂಬ ಹೆಸರನ್ನು ರೂಢಿಗೆ ತಂದರು. ಉಬ್ಬಸವೂ ಇಸಬೂ ಒಂದೇ ಮನೆತನದಲ್ಲಿ ಓಡಾಡುವುದೇಕೆಂಬುದಕ್ಕೆ ಶಾಸ್ತ್ರೀಯ ಸಮಾಧಾನವು ದೊರೆಯತೊಡಗಿದ್ದು ಹೀಗೆ.

ಇನ್ನೊಂದು ಧಾರೆ ಬೇರೆ ಕಡೆಯಿಂದ ಹರಿದು ಬಂತು. ದೇಹವು ತನ್ನ ಮೇಲೆ ತಾನೇ ಆಯುಧವೆತ್ತಲಾರದೆಂದು ಪಾಲ್ ಎರ್ಲಿಕ್ 1901ರ ಸುಮಾರಿಗೆ ಪ್ರತಿಪಾದಿಸಿದನು. ಆಡುಗಳಿಗೆ ಬೇರೆ ಆಡುಗಳ ರಕ್ತವನ್ನು ಚುಚ್ಚಿದರೆ ಪ್ರತಿಕಾಯಗಳು ಹುಟ್ಟಿದವು, ಸ್ವಂತ ರಕ್ತಕ್ಕೆ ವಿರುದ್ಧವಾದವು ಮಾತ್ರ ಹುಟ್ಟಲಿಲ್ಲ. ಅರ್ಧ ಶತಮಾನ ಕಾಲ ಪಂಡಿತರನ್ನು ಆಳಿದ ಈ ಮತವು, 1956ರಲ್ಲಿ ಲಂಡನ್ನಿನ ರಾಯ್ಟ್ ಮತ್ತು ಡೋನಿಯಾಕ್, ಬಫಲೋದ ರೋಸ್ ಮತ್ತು ವಿಟೆಬ್ಸ್ಕಿ ಇವರು ಥೈರಾಯ್ಡ್ ಗ್ರಂಥಿಯ ಮೇಲೆ ದೇಹವೇ ತಿರುಗಿಬೀಳುವುದನ್ನು ತೋರಿಸಿದಾಗ ಕುಸಿಯಿತು. ಸಂಧಿವಾತ, ತೊನ್ನು, ತಲೆಯ ಕೂದಲು ಬಿಲ್ಲೆಬಿಲ್ಲೆಯಾಗಿ ಉದುರುವ ರೋಗ, ಗೋಧಿಯ ಅಂಶವನ್ನು ಕರುಳು ಸಹಿಸದ ಸೀಲಿಯಾಕ್ ರೋಗ ಇವೆಲ್ಲ ಸ್ವಪ್ರತಿರಕ್ಷಾ ರೋಗಗಳೆಂಬ ಒಂದೇ ಕುಲಕ್ಕೆ ಸೇರಿದವು.

ಇವೆರಡು ಧಾರೆಗಳು ಕೂಡಲಾರವೆಂದೇ ಬಹುಕಾಲ ತಿಳಿಯಲಾಗಿತ್ತು. 1986ರಲ್ಲಿ ಮೋಸ್ಮನ್ ಮತ್ತು ಕಾಫ್‌ಮನ್ ರಕ್ಷಣಾವ್ಯವಸ್ಥೆಯ ಸಹಾಯಕ ಟಿ-ಕೋಶಗಳಲ್ಲಿ ಎರಡು ಪಂಗಡಗಳಿವೆಯೆಂದು ತೋರಿಸಿ, ಒಂದು ಮೇಲಾದರೆ ಇನ್ನೊಂದು ತಗ್ಗುವುದೆಂಬ ತಿಳಿವಳಿಕೆ ಮುಂದೆ ಬೆಳೆದ ಮೇಲೆ, ಅಲರ್ಜಿಯನ್ನು ಒಂದು ಪಂಗಡಕ್ಕೂ ಸ್ವಪ್ರತಿರಕ್ಷೆಯನ್ನು ಇನ್ನೊಂದಕ್ಕೂ ಸೇರಿಸಿ, ಅಲರ್ಜಿಯುಳ್ಳವರಿಗೆ ಸ್ವಪ್ರತಿರಕ್ಷಾ ರೋಗಗಳು ವಿರಳವಾಗಿರಬೇಕೆಂಬ ಊಹೆ ಸಹಜವಾಗಿತ್ತು. ಅಂಕಿಗಳು ಬೇರೆಯದನ್ನೇ ನುಡಿದವು. 2021ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದು, ಒಂದು ಲಕ್ಷಕ್ಕೂ ಮಿಕ್ಕ ಇಸಬಿನ ರೋಗಿಗಳನ್ನು ಇಸಬಿಲ್ಲದ ಹತ್ತು ಲಕ್ಷಕ್ಕೂ ಮಿಕ್ಕ ಜನರೊಡನೆ ಹೋಲಿಸಿ, ಮೊದಲಿನವರಲ್ಲಿ ಯಾವುದಾದರೊಂದು ಸ್ವಪ್ರತಿರಕ್ಷಾ ರೋಗವಿರುವ ಸಂಭವ ಸುಮಾರು ಇಮ್ಮಡಿಯೆಂದು ಕಂಡಿತು. ಚರ್ಮದ ಮತ್ತು ಕರುಳಿನ ರೋಗಗಳಲ್ಲಿ ಈ ನಂಟು ಎದ್ದುಕಾಣುವಂಥದು.

ಕಾರಣಗಳು ಒಂದೊಂದಾಗಿ ಹೊರಬೀಳುತ್ತಿವೆ. 2006ರಲ್ಲಿ ಡಂಡಿಯ ಸಂಶೋಧಕರು ಹಾಗೂ ಅವರ ಸಹೋದ್ಯೋಗಿಗಳು ಫಿಲಾಗ್ರಿನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿನ ದೋಷವು ಇಸಬಿಗೆ ಪ್ರಬಲ ಕಾರಣವೆಂದು ತೋರಿಸಿದರು. ಖಾನಾಪುರದ ಮಳೆಗಾಲದಲ್ಲಿ ಹಂಚು ಸರಿದ ಮಾಡಿನಂತೆ, ಈ ಪ್ರೋಟೀನು ಕೊರತೆಯಾದ ಚರ್ಮವು ಒಳಗಿನ ತೇವವನ್ನು ಹಿಡಿದಿಡಲಾರದು, ಹೊರಗಿನದನ್ನು ತಡೆಯಲೂ ಆರದು. ಸೀಳಿನಿಂದ ನುಗ್ಗಿದ ಧೂಳು, ಸೂಕ್ಷ್ಮಾಣುಗಳೊಡನೆ ಹೋರಾಡುತ್ತ ರಕ್ಷಣಾಕೋಶಗಳು ಸದಾ ಎಚ್ಚರಗೊಂಡೇ ಇರುತ್ತವೆ. ನೊಂದ ಚರ್ಮದ ಕೋಶಗಳಿಂದ ಸ್ವಂತ ಪ್ರೋಟೀನುಗಳು ಹೊರಬಿದ್ದಾಗ ಅವುಗಳ ವಿರುದ್ಧವೂ ಪ್ರತಿಕಾಯಗಳು ಹುಟ್ಟಬಲ್ಲವು. ಅಲರ್ಜಿಯ ಆಯುಧವಾದ ಐಜಿಇ ಪ್ರತಿಕಾಯವೇ ಮನುಷ್ಯನ ಸ್ವಂತ ಪ್ರೊಫಿಲಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುವುದನ್ನು ವಾಲೆಂಟಾ ಎಂಬ ವಿಜ್ಞಾನಿ 1991ರಲ್ಲಿಯೇ ತೋರಿಸಿದ್ದನು. ಬಾರಿಸಿಟಿನಿಬ್ ಎಂಬ ಒಂದೇ ಗುಳಿಗೆಯು ಸಂಧಿವಾತಕ್ಕೂ, ಇಸಬಿಗೂ, ಬಿಲ್ಲೆಬಿಲ್ಲೆಯಾಗಿ ಕೂದಲುದುರುವ ರೋಗಕ್ಕೂ ಇಂದು ಬಳಕೆಯಲ್ಲಿರುವುದು ಈ ರೋಗಗಳು ಒಳಗೆ ಒಂದೇ ದಾರಿಯನ್ನು ತುಳಿಯುತ್ತವೆಂಬುದಕ್ಕೆ ಬಲವಾದ ಸಾಕ್ಷಿ.

ಆದರೆ ನಂಟಿದೆಯೆಂದ ಮಾತ್ರಕ್ಕೆ ಒಂದು ಇನ್ನೊಂದನ್ನು ಹಡೆಯುತ್ತದೆಂದು ಭಾವಿಸಲಾಗದು. ಇಸಬಿನ ಮಕ್ಕಳಲ್ಲಿ ಬಹುಪಾಲು ಮಂದಿಗೆ ಸ್ವಪ್ರತಿರಕ್ಷಾ ರೋಗವು ಎಂದೂ ಬರುವುದಿಲ್ಲ; ವಿರಳವಾದುದು ಇಮ್ಮಡಿಯಾದರೂ ವಿರಳವೇ. ತಾಯಂದಿರು ಹೆದರಬೇಕಾದುದಿಲ್ಲ. ಇಸಬಿರುವವರ ಕೀಲುಗಳು ಬೆಳಗಿನ ಹೊತ್ತು ಬಿಗಿಯತೊಡಗಿದರೆ, ಚರ್ಮವು ಅಲ್ಲಲ್ಲಿ ಬೆಳ್ಳಗಾದರೆ, ಮಗು ಉಂಡರೂ ಮೈಹಿಡಿಯದೆ ಭೇದಿ ನಿಲ್ಲದಿದ್ದರೆ, ಅದನ್ನು ವೈದ್ಯರಿಗೆ ಒಟ್ಟಾಗಿಯೇ ಹೇಳಬೇಕು. ಒಂದೊಂದನ್ನು ಒಬ್ಬೊಬ್ಬ ವೈದ್ಯರ ಬಳಿಗೆ ಬೇರೆಬೇರೆಯಾಗಿ ಒಯ್ಯುವುದರಿಂದ ನಂಟು ಕಣ್ತಪ್ಪಿಹೋಗುತ್ತದೆ.

1980ರ ಮೇ 8ರಂದು ಜಗತ್ತು ಸಿಡುಬಿನಿಂದ ಮುಕ್ತವಾಯಿತೆಂದು ಸಾರಿದ ಮೇಲೆ ಕರುಗಳ ಮೈ ಗೀರುವ ಪ್ರಮೇಯವೇ ಉಳಿಯಲಿಲ್ಲ. ಇಸಬಿನವರ ಪ್ರಶ್ನೆ ಮಾತ್ರ ಶಾಸ್ತ್ರಜ್ಞರನ್ನು ಬಿಡಲಿಲ್ಲ. ಮ್ಯೂನಿಕ್ಕಿನ ಆಂಟನ್ ಮಾಯ್ರ್ ಲಸಿಕೆಯ ವಿಷಾಣುವನ್ನು ಕೋಳಿಭ್ರೂಣದ ಕೋಶಗಳಲ್ಲಿ 500ಕ್ಕೂ ಹೆಚ್ಚು ಬಾರಿ ದಾಟಿಸಿ, ಮನುಷ್ಯರ ಕೋಶಗಳಲ್ಲಿ ವೃದ್ಧಿಯಾಗಲಾರದಂತೆ ಪಳಗಿಸಿದ್ದನು; ಆ ತಳಿಯಿಂದ ಸಿದ್ಧಪಡಿಸಿದ ಲಸಿಕೆಯನ್ನು ಇಸಬು ಉಳ್ಳವರ ಮೇಲೆಯೂ ಪರೀಕ್ಷಿಸಿ ನೋಡಿ, 2019ರಲ್ಲಿ ಅಮೆರಿಕದ ಸರ್ಕಾರವು ಬಳಕೆಗೆ ಅನುಮತಿಯಿತ್ತಿತು, ಮತ್ತು 2022ರಲ್ಲಿ ಮಂಕಿಪಾಕ್ಸ್ ಹಲವು ದೇಶಗಳಿಗೆ ಹರಡಿದಾಗ, ಹಿಂದೆ ದೇವಿ ಹಾಕುವವರು ಹಿಂದಕ್ಕೆ ಕಳುಹಿಸುತ್ತಿದ್ದ ಇಸಬಿನ ಮೈಯವರಿಗೂ ಅದನ್ನು ಕೊಡುವುದು ಸಾಧ್ಯವಾಯಿತು.