ಅಫೀಮು ವರ್ಗದ ಔಷಧಗಳ ಮಿತಿಮೀರಿದ ಸೇವನೆ: ಸ್ಥಳೀಯ ಆಡಳಿತದ ಕರ್ತವ್ಯಗಳು ಹಾಗೂ ಸಾರ್ವಜನಿಕರಿಗೆ ದೊರೆಯುವ ಸೇವೆಗಳು

(ನವಲಗುಂದ, ಕುಂದಗೋಳ, ಕಲಘಟಗಿ ಮತ್ತು ಅಣ್ಣಿಗೇರಿ ತಾಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

ಅಫೀಮು, ಮಾರ್ಫಿನ್, ಹೆರಾಯಿನ್, ಕೊಡೀನ್, ಟ್ರಮಡಾಲ್, ಟಪೆಂಟಡಾಲ್ ಮುಂತಾದವು ಒಂದೇ ವರ್ಗದ ದ್ರವ್ಯಗಳಾಗಿದ್ದು, ಇವುಗಳಲ್ಲಿ ಕೆಲವು ವೈದ್ಯರ ಚೀಟಿಯ ಮೇಲೆ ದೊರೆಯುವ ನೋವಿನ ಮಾತ್ರೆ ಹಾಗೂ ಕೆಮ್ಮಿನ ಔಷಧಗಳ ರೂಪದಲ್ಲಿರುತ್ತವೆ. ಪ್ರಮಾಣ ಮೀರಿ ಸೇವಿಸಿದಲ್ಲಿ ಉಸಿರಾಟವು ಕ್ರಮೇಣ ಮಂದವಾಗಿ ನಿಂತುಹೋಗುತ್ತದೆ. ಮದ್ಯ ಅಥವಾ ನಿದ್ರೆ ಮಾತ್ರೆಯೊಡನೆ ಸೇವಿಸಿದಾಗ ಕಡಿಮೆ ಪ್ರಮಾಣವೂ ಪ್ರಾಣಾಪಾಯ ತರಬಲ್ಲದು. ನೋಡುವವರಿಗೆ ವ್ಯಕ್ತಿಯು ಗೊರಕೆ ಹೊಡೆಯುತ್ತ ಮಲಗಿದಂತೆ ಕಾಣುವುದರಿಂದ ಮನೆಯವರು ಬೆಳಗಿನವರೆಗೆ ಕಾಯುವ ಸಂಭವವಿರುತ್ತದೆ.

ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯವು 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10ರಿಂದ 75 ವರ್ಷದೊಳಗಿನವರಲ್ಲಿ ಶೇ. 14.6ರಷ್ಟು ಜನರು ಮದ್ಯವನ್ನೂ, ಸುಮಾರು ಶೇ. 2.1ರಷ್ಟು ಜನರು ಅಫೀಮು ವರ್ಗದ ದ್ರವ್ಯಗಳನ್ನೂ ಬಳಸುತ್ತಿದ್ದರು. ಎರಡನೆಯ ಸಂಖ್ಯೆ ಚಿಕ್ಕದೆಂದು ಗ್ರಾಮೀಣ ಭಾಗದಲ್ಲಿ ಇದನ್ನು ಪಟ್ಟಣದ ಸಮಸ್ಯೆಯೆಂದು ಕೈಬಿಡುವುದು ಸರಿಯಲ್ಲ. ಮಾತ್ರೆಯ ಪಟ್ಟಿ ಯಾವ ಮನೆಯಲ್ಲಾದರೂ ಇರಬಹುದು.

ಪ್ರಕರಣ ದಾಖಲಾಗುವ ಭಯ ಮತ್ತು ಕಾನೂನಿನ ರಕ್ಷಣೆ

ಆಸ್ಪತ್ರೆಗೆ ಕರೆದೊಯ್ದರೆ ಪೊಲೀಸ್ ಪ್ರಕರಣವಾಗುವುದು, ಮನೆತನದ ಮರ್ಯಾದೆ ಹೋಗುವುದು ಎಂಬ ಭಯವೇ ಚಿಕಿತ್ಸೆ ವಿಳಂಬವಾಗಲು ಮುಖ್ಯ ಕಾರಣವಾಗಿದೆ. ಈ ಬಗ್ಗೆ ಕಾನೂನಿನ ಸ್ಥಿತಿಯನ್ನು ಸಾರ್ವಜನಿಕರು ತಿಳಿದಿರತಕ್ಕದ್ದು. ಮಾದಕ ದ್ರವ್ಯಗಳು ಮತ್ತು ಮನೋಪರಿಣಾಮಕಾರಿ ವಸ್ತುಗಳ ಅಧಿನಿಯಮ, 1985ರ ಕಲಂ 27ರಡಿ ಸೇವನೆಯು ಅಪರಾಧವೇ ಆಗಿದೆ. ಆದರೆ ಅದೇ ಅಧಿನಿಯಮದ ಕಲಂ 64-ಎ ಪ್ರಕಾರ, ಸೇವನೆಯ ಅಥವಾ ಅಲ್ಪ ಪ್ರಮಾಣಕ್ಕೆ ಸಂಬಂಧಿಸಿದ ಆರೋಪಕ್ಕೊಳಗಾದ ವ್ಯಸನಿಯು ಸರ್ಕಾರಿ ಅಥವಾ ಸರ್ಕಾರದಿಂದ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆಗೆ ಒಳಪಟ್ಟಲ್ಲಿ ಅಭಿಯೋಜನೆಗೆ ಗುರಿಯಾಗುವುದಿಲ್ಲ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟಲ್ಲಿ ಈ ವಿನಾಯಿತಿಯನ್ನು ಹಿಂಪಡೆಯಬಹುದಾಗಿದೆ. ಮಾರಾಟಗಾರರಿಗೆ ಈ ರಕ್ಷಣೆ ಇಲ್ಲ.

ವಿಷಪ್ರಾಶನದಂತೆ ತೋರುವ ಪ್ರಕರಣಗಳಲ್ಲಿ ಆಸ್ಪತ್ರೆಯವರು ಠಾಣೆಗೆ ಮಾಹಿತಿ ನೀಡುವ ಪದ್ಧತಿ ಇದೆ. ಅದು ದಾಖಲೆಯ ಕ್ರಮವೇ ಹೊರತು ಕರೆತಂದವರ ಮೇಲಿನ ದೂರಲ್ಲ. ತುರ್ತು ಸ್ಥಿತಿಯಲ್ಲಿ ಜೀವರಕ್ಷಣೆಯೇ ಮೊದಲು, ಉಳಿದ ವಿಧಿವಿಧಾನಗಳು ನಂತರ ಎಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆದುದರಿಂದ ಆಧಾರ್, ಪಡಿತರ ಚೀಟಿ ಹುಡುಕುತ್ತ ಮನೆಯಲ್ಲಿ ತಡ ಮಾಡುವ ಅಗತ್ಯವಿಲ್ಲ.

ತುರ್ತು ಸಂದರ್ಭದಲ್ಲಿ

ಕರೆದರೂ ಎಚ್ಚರವಾಗದಿರುವುದು, ಉಸಿರು ನಿಧಾನವಾಗುವುದು ಅಥವಾ ಗರಗರ ಸಪ್ಪಳ, ತುಟಿ ಹಾಗೂ ಉಗುರು ನೀಲಿಯಾಗುವುದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗುವುದು ಇದರ ಲಕ್ಷಣಗಳು. ಕೂಡಲೇ 108ಕ್ಕೆ ಕರೆ ಮಾಡತಕ್ಕದ್ದು. ವ್ಯಕ್ತಿಯನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಾಯಲ್ಲಿರುವುದನ್ನು ತೆಗೆದು, ಜೊತೆಯಲ್ಲಿಯೇ ಇರಬೇಕು. ಉಪ್ಪಿನ ನೀರು, ಹುಣಸೆ ನೀರು, ಮಜ್ಜಿಗೆ ಕುಡಿಸುವುದು, ವಾಂತಿ ಮಾಡಿಸುವುದು ಅಪಾಯಕಾರಿ. ಎಚ್ಚರವಿಲ್ಲದವರಲ್ಲಿ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಈ ನಾಲ್ಕು ತಾಲೂಕುಗಳಲ್ಲಿ ಒಂದು ವಿಷಯವನ್ನು ವಿಶೇಷವಾಗಿ ಹೇಳಬೇಕಾಗುತ್ತದೆ. ಹತ್ತಿ, ಮೆಣಸಿನಕಾಯಿ ಬೆಳೆಯುವ ಊರುಗಳಲ್ಲಿ ಎಚ್ಚರ ತಪ್ಪಿದವರನ್ನು ಕಂಡಾಗ ಬೆಳೆಗೆ ಹೊಡೆಯುವ ಎಣ್ಣೆ ಸೇವಿಸಿರಬಹುದೆಂಬ ಸಂಶಯ ಮೊದಲು ಬರುವುದು ಸಹಜ. ಕೆಲವು ಕೀಟನಾಶಕಗಳಿಂದಲೂ ಕಣ್ಣಿನ ಪಾಪೆ ಹೀಗೆಯೇ ಕಿರಿದಾಗುತ್ತದೆ. ಆದರೆ ಅವುಗಳಲ್ಲಿ ಬಾಯಲ್ಲಿ ಜೊಲ್ಲು, ಮೈ ಬೆವರು, ಔಷಧದ ವಾಸನೆ ಕಂಡುಬರುವುದು ಹೆಚ್ಚು, ಚಿಕಿತ್ಸೆಯೂ ಬೇರೆ. ಕೀಟನಾಶಕಕ್ಕೆ ಅಟ್ರೋಪಿನ್, ಅಫೀಮು ವರ್ಗದ ಔಷಧಕ್ಕೆ ನಲಾಕ್ಸೋನ್ ಚುಚ್ಚುಮದ್ದು. ಆದುದರಿಂದ ವ್ಯಕ್ತಿಯ ಬಳಿ ಸಿಕ್ಕ ಮಾತ್ರೆಯ ಪಟ್ಟಿ, ಬಾಟಲಿ, ಡಬ್ಬಿಗಳನ್ನು ಬಚ್ಚಿಡದೆ ವೈದ್ಯರ ಕೈಗೆ ಕೊಡತಕ್ಕದ್ದು. ಮನೆಯವರು ಮುಚ್ಚಿಟ್ಟ ಒಂದು ಮಾತು ವೈದ್ಯರ ಅಮೂಲ್ಯ ಸಮಯವನ್ನು ಹಾಳುಮಾಡಬಲ್ಲದು.

ನಲಾಕ್ಸೋನ್ ನೀಡಿದ ಕೆಲವೇ ನಿಮಿಷಗಳಲ್ಲಿ ರೋಗಿಯು ಎದ್ದು ಕೂರಬಹುದು. ಆದರೆ ಇದರ ಪರಿಣಾಮ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮಾತ್ರ. ನಂತರ ಉಸಿರಾಟ ಪುನಃ ಕುಗ್ಗಬಹುದು. ಗುಣವಾಯಿತೆಂದು ಮನೆಗೆ ಕರೆದೊಯ್ಯಬಾರದು.

ಸ್ಥಳೀಯ ಆಡಳಿತದ ಪಾತ್ರ

ಈ ತಾಲೂಕುಗಳ ಅನೇಕ ಹಳ್ಳಿಗಳಿಂದ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ, ಅಂದರೆ ಜನರು ಇಂದಿಗೂ ಕಿಮ್ಸ್ ಎಂದೇ ಕರೆಯುವ ಸಂಸ್ಥೆಗೆ, 30 ಕಿ.ಮೀ.ಗೂ ಹೆಚ್ಚಿನ ದೂರವಿದೆ. ಉಸಿರು ಕುಗ್ಗುತ್ತಿರುವ ವ್ಯಕ್ತಿಗೆ ಈ ದೂರ ಬಹಳವಾಯಿತು. ನಲಾಕ್ಸೋನ್ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ತಾಲೂಕು ಆಸ್ಪತ್ರೆ ಹಾಗೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅದರ ದಾಸ್ತಾನು, ಬಳಕೆಯ ಅವಧಿ ಮತ್ತು ರಾತ್ರಿ ಪಾಳಿಯ ಸಿಬ್ಬಂದಿಗೆ ಅದರ ತಿಳಿವಳಿಕೆ ಇವುಗಳನ್ನು ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ಪರಿಶೀಲಿಸುವುದು ಅವಶ್ಯಕ. ಜನಪ್ರತಿನಿಧಿಗಳು ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಜಾಥಾ, ಭಿತ್ತಿಪತ್ರಗಳು ಆನಂತರದ ಮಾತು.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯಲ್ಲಿ ಆಶಾ ಕಾರ್ಯಕರ್ತೆ ಹಾಗೂ ಪಂಚಾಯಿತಿ ಸದಸ್ಯರು ಇರುತ್ತಾರೆ. ಚಿಕಿತ್ಸೆ ಮುಗಿಸಿ ಅಥವಾ ಕಾರಾಗೃಹದಿಂದ ಬಿಡುಗಡೆಯಾಗಿ ಊರಿಗೆ ಮರಳಿದವರ ವಿಷಯದಲ್ಲಿ ಈ ಸಮಿತಿಯು ಹೆಚ್ಚು ಎಚ್ಚರ ವಹಿಸಬೇಕು. ಕೆಲವು ವಾರ ಬಿಟ್ಟಿದ್ದ ದೇಹವು ಹಳೆಯ ಪ್ರಮಾಣವನ್ನು ತಾಳಲಾರದು. ಹಿಂದೆ ದಿನನಿತ್ಯ ಸೇವಿಸುತ್ತಿದ್ದಷ್ಟೇ ಮಾತ್ರೆ ಈಗ ಕೊಲ್ಲಬಲ್ಲದು. ಮರಳಿದ ಮೊದಲ ಕೆಲವು ವಾರಗಳು ಅತ್ಯಂತ ಅಪಾಯದ ಕಾಲ. ಈ ಭೇಟಿಗಳು ಗೋಪ್ಯವಾಗಿರಬೇಕು. ಗ್ರಾಮಸಭೆಯಲ್ಲಿ ವ್ಯಸನಿಗಳ ಹೆಸರು ಓದುವುದು, ದಂಡ ವಿಧಿಸುವುದು, ಸೌಲಭ್ಯ ತಡೆಯುವುದು ಸಲ್ಲದು. ಅದರಿಂದ ಚಿಕಿತ್ಸೆಗೆ ಬರುವವರು ಕಡಿಮೆಯಾಗುತ್ತಾರೆಯೇ ಹೊರತು ಸೇವಿಸುವವರಲ್ಲ. ಮಾನಸಿಕ ಆರೋಗ್ಯ ರಕ್ಷಣಾ ಅಧಿನಿಯಮ, 2017 ಚಿಕಿತ್ಸಾ ಸಂಸ್ಥೆಗಳಲ್ಲಿ ರೋಗಿಯನ್ನು ಸರಪಳಿಯಿಂದ ಬಂಧಿಸುವುದನ್ನು ನಿಷೇಧಿಸಿದೆ. ಅಂತಹ ಕೇಂದ್ರಗಳು ಕಂಡುಬಂದಲ್ಲಿ ಜಿಲ್ಲಾ ಆರೋಗ್ಯ ಅಧಿಕಾರಿಗಳ ಗಮನಕ್ಕೆ ತರಬಹುದು.

ಔಷಧ ಅಂಗಡಿಗಳಿಗೆ ಸಂಬಂಧಿಸಿದಂತೆ, 2014ರಿಂದ ಜಾರಿಯಲ್ಲಿರುವ ಎಚ್-1 ಅನುಸೂಚಿಯ ಪ್ರಕಾರ ಟ್ರಮಡಾಲ್, ಕೊಡೀನ್ ಮೊದಲಾದವುಗಳ ಮಾರಾಟವನ್ನು ವೈದ್ಯರ ಹಾಗೂ ರೋಗಿಯ ಹೆಸರಿನೊಡನೆ ಪ್ರತ್ಯೇಕ ವಹಿಯಲ್ಲಿ ಬರೆದು ಮೂರು ವರ್ಷ ಕಾಯ್ದಿರಿಸಬೇಕು. ಟ್ರಮಡಾಲ್ 2018ರಿಂದ 1985ರ ಅಧಿನಿಯಮದ ವ್ಯಾಪ್ತಿಗೂ ಬಂದಿದೆ. ಚೀಟಿಯಿಲ್ಲದೆ ಮಾರುವ ಬಗ್ಗೆ ಔಷಧ ನಿಯಂತ್ರಣ ಅಧಿಕಾರಿಗಳಿಗೆ ದೂರು ನೀಡಬಹುದು. ಆದರೆ ಕ್ಯಾನ್ಸರ್ ರೋಗಿಗಳಿಗೆ ಮಾರ್ಫಿನ್ ದೊರೆಯದಂತಾಗಬಾರದು. 2014ರ ತಿದ್ದುಪಡಿಯ ಉದ್ದೇಶವೇ ಅದನ್ನು ಸುಲಭಗೊಳಿಸುವುದಾಗಿತ್ತು.

ಚಿಕಿತ್ಸೆಗೆ ಎಲ್ಲಿ ಹೋಗಬೇಕು

ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ಡಿಮ್ಹಾನ್ಸ್, 1845ರಲ್ಲಿ ಆರಂಭವಾದ ಹಳೆಯ ಆಸ್ಪತ್ರೆಯ ಮುಂದುವರಿಕೆಯಾಗಿದೆ. "ಹುಚ್ಚರ ಆಸ್ಪತ್ರೆ" ಎಂಬ ಹಳೆಯ ಮಾತಿನಿಂದ ಹಿಂಜರಿಯುವ ಕಾರಣವಿಲ್ಲ, ಹೊರರೋಗಿಯಾಗಿಯೇ ತೋರಿಸಿಕೊಳ್ಳಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಭೇಟಿ ನೀಡುವ ದಿನವನ್ನು ತಾಲೂಕು ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ಅಥವಾ ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಿಕೊಳ್ಳತಕ್ಕದ್ದು. ಬರುವಾಗ ಆಧಾರ್, ಪಡಿತರ ಚೀಟಿ, ಹಿಂದಿನ ಚೀಟಿಗಳು ಹಾಗೂ ಸೇವಿಸುತ್ತಿರುವ ಮಾತ್ರೆಗಳನ್ನು ತರುವುದು ಒಳ್ಳೆಯದು. ಉಚಿತ ಸಹಾಯವಾಣಿಗಳು: ವ್ಯಸನಮುಕ್ತಿ 14446; ಟೆಲಿ ಮಾನಸ್ 14416.