ಸ್ಮಿತ್‌ಸೋನಿಯಾ: ಒಂದು ಕಿರುಸಸ್ಯದ ನಾಮಚರಿತ್ರೆ

ಮಾಟುಂಗದ ಹೂವಿನ ಅಂಗಡಿಗಳಲ್ಲಿ ಮಲ್ಲಿಗೆ, ಸೇವಂತಿಗೆಗಳು ರಾಶಿ ಬಿದ್ದಿರುತ್ತವೆ. ಸಹ್ಯಾದ್ರಿಯ ಕಾಡುಮರಗಳ ಕೊಂಬೆಗಳಲ್ಲಿ ಬೆಳೆಯುವ ಕಿರು ಆರ್ಕಿಡ್‌ಗಳಿಗೆ ಅಲ್ಲಿ ಎಡೆಯಿಲ್ಲ. ಆದರೂ ಅವುಗಳ ಪೈಕಿ ಒಂದು ಕುಲದ ಚರಿತ್ರೆಯನ್ನು ಮುಂಬಯಿಯನ್ನು ಬಿಟ್ಟು ಬರೆಯಲಾಗದು. ಅದೇ ಸ್ಮಿತ್‌ಸೋನಿಯಾ. ಗೇಣುದ್ದವನ್ನೂ ಮೀರದ ಈ ಗಿಡಗಳ ಹೂ ಬೆರಳಿನ ಉಗುರಿನಷ್ಟು ಚಿಕ್ಕದು. ಇದರ ಪ್ರಭೇದಗಳು ಮೂರು. ಭಾರತದ ಹೊರಗೆ ಅವು ಎಲ್ಲಿಯೂ ಇಲ್ಲ. ಪಶ್ಚಿಮ ಘಟ್ಟಗಳೇ ಅವುಗಳ ಮುಖ್ಯ ನೆಲೆ.

ಮುಂಬಯಿಯ ಸುಂಕದ ಇಲಾಖೆಯಲ್ಲಿ ಅಧಿಕಾರಿಯಾಗಿದ್ದ ಡಾಲ್‌ಜೆಲ್ 1851ರಲ್ಲಿ ಇವುಗಳಲ್ಲಿ ಎರಡನ್ನು ಮೊದಲು ವರ್ಣಿಸಿ, ಮೈಕ್ರೋಪೆರಾ ಎಂಬ ಕುಲದಲ್ಲಿ ಇರಿಸಿದನು. ಹಸುರು ಹೂವಿನದು ‘ವಿರಿಡಿಫ್ಲೋರಾ’, ಚುಕ್ಕೆಗಳುಳ್ಳದ್ದು ‘ಮ್ಯಾಕ್ಯುಲೇಟಾ’. 1861ರಲ್ಲಿ ಅವನೂ ಗಿಬ್ಸನ್ನನೂ ಸೇರಿ ರಚಿಸಿದ ‘ಬಾಂಬೆ ಫ್ಲೋರಾ’ ಮಾಟುಂಗದ ದಕ್ಷಿಣಕ್ಕಿರುವ ಬೈಕುಲ್ಲಾದಲ್ಲಿ ಅಚ್ಚಾಯಿತು. ಮುಂದೆ ಈ ಗಿಡಗಳು ಸಾರ್ಕೋಖೈಲಸ್ ಮೊದಲಾದ ಅನ್ಯಕುಲಗಳಲ್ಲಿ ಅಲೆದಾಡಿದವು.

ಅಲೆದಾಟ ಮುಗಿದುದು ಹಾಸನ ಜಿಲ್ಲೆಯ ಸಸ್ಯಶೋಧದಿಂದ. ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನ ಸೆಸಿಲ್ ಸಲ್ಡಾನಾ ಅವರು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ನೆರವಿನಿಂದ ಆ ಕಾರ್ಯವನ್ನು ಕೈಗೊಂಡಿದ್ದರು. ಹುಲ್ಲುಬಣ್ಣದ ‘ಸ್ಟ್ರಾಮಿನಿಯಾ’ ಎಂಬ ಮೂರನೆಯ ಪ್ರಭೇದವನ್ನು ವರ್ಣಿಸಿ, ಡಾಲ್‌ಜೆಲ್ಲನ ಎರಡನ್ನೂ ಅದರೊಡನೆ ಸೇರಿಸಿ, 1974ರಲ್ಲಿ ಅವರು ಹೊಸ ಕುಲವನ್ನೇ ಸ್ಥಾಪಿಸಿದರು; ಉಪಕಾರಸ್ಮರಣೆಯಾಗಿ ಅದಕ್ಕೆ ಆ ಸಂಸ್ಥೆಯ ಹೆಸರಿಟ್ಟರು. ಆ ಲೇಖನ ಪ್ರಕಟವಾದುದು ಮುಂಬಯಿಯ ನಿಸರ್ಗೇತಿಹಾಸ ಸಂಘದ ಪತ್ರಿಕೆಯಲ್ಲಿ. 1973ರ ನವೆಂಬರ್ 1ರಂದು ನಾಡಿಗೆ ಕರ್ನಾಟಕವೆಂಬ ಹೆಸರು ಬಂದಿತ್ತು. ಮರುವರ್ಷವೇ ನಾಡಿನ ಈ ಕಿರುಸಸ್ಯಕ್ಕೂ ಹೆಸರು ದೊರೆಯಿತು. ಹಾಸನದ ಸಸ್ಯಗ್ರಂಥ 1976ರಲ್ಲಿ ಹೊರಬಂದಿತು.

ಆದರೆ ಆ ಹೆಸರು ಕನ್ನಡದ್ದಲ್ಲ. ಮಲೆನಾಡಿಗರು ಗೊಂಚಲು ಹೂವಿನ ದೊಡ್ಡ ಆರ್ಕಿಡ್‌ಗಳನ್ನು ಸೀತಾಳೆದಂಡೆ ಎಂದು ಆದರಿಸಿದ್ದಾರೆ. ಕಣ್ಣಿಗೆ ಬೀಳದ ಈ ಕಿರಿಯವುಗಳಿಗೆ ಪ್ರಚುರವಾದ ಬೇರೆ ಹೆಸರಿಲ್ಲ. ಮರದ ಮೇಲೆ ಬೆಳೆದುದನ್ನೆಲ್ಲ ಬಂದಣಿಕೆಯೆಂದು ಕರೆಯುವುದೂ ಉಂಟು. ಇದು ಅನ್ಯಾಯ. ಬಂದಣಿಕೆ ಆಶ್ರಯವಿತ್ತ ಮರದ ರಸವನ್ನೇ ಹೀರುತ್ತದೆ. ಆರ್ಕಿಡ್ ಮರದಿಂದ ಪಡೆಯುವುದು ನಿಲ್ಲಲು ತಾಣವನ್ನು ಮಾತ್ರ. ಮಳೆ, ಮಂಜುಗಳ ನೀರನ್ನು ಅದರ ಬೇರುಗಳೇ ಹಿಡಿದುಕೊಳ್ಳುತ್ತವೆ. ಅದರ ಬೀಜ ಧೂಳಿನಷ್ಟು ಸಣ್ಣದು; ತಕ್ಕ ಶಿಲೀಂಧ್ರದ ಸಹಾಯವಿಲ್ಲದೆ ಕಾಡಿನಲ್ಲಿ ಮೊಳೆಯದು. ಆದುದರಿಂದ ಹಳೆಯ ಮರವೊಂದು ಉರುಳಿದರೆ ಹೊಸ ಸಸಿ ನೆಟ್ಟು ಈ ನಷ್ಟವನ್ನು ತುಂಬಲಾಗದು.

ಕಡಿದ ಮರವನ್ನು ದಫ್ತರದಲ್ಲಿ ಎಣಿಸುತ್ತಾರೆ. ಅದರೊಡನೆ ಬಿದ್ದ ಹೆಸರಿಲ್ಲದ ಗಿಡವನ್ನು ಯಾರೂ ಎಣಿಸುವುದಿಲ್ಲ. ಡಾಲ್‌ಜೆಲ್ಲನಿಂದ ಸಲ್ಡಾನಾ ಅವರವರೆಗೆ, 123 ವರ್ಷಗಳಲ್ಲಿ, ಶಾಸ್ತ್ರವು ತನ್ನ ಕೆಲಸವನ್ನು ಮುಗಿಸಿತು. ಈ ಮೂರಕ್ಕೂ ಒಪ್ಪುವ ಹೆಸರನ್ನು ಕೊಡುವ ಕೆಲಸ ಕನ್ನಡದ ಪಾಲಿಗೆ ಉಳಿದಿದೆ.